ಹದಿನೆಂಟು ಚಕ್ರದ ರಾಯರು

ಒಂದು ಆಟ ಇದೆ. ಅದರಲ್ಲಿ ನೀವು ಏನು ಬೇಕಾದರೂ ಆಗಬಹುದು. ಮಂತ್ರ ಹಾಕಿ ಬೆಂಕಿಯುಂಡೆ ಎಸೆಯಬಹುದು. ಚೂಪು ಕಿವಿಯ ಎಲ್ಫ್ ಆಗಿ ಮುಪ್ಪಿಲ್ಲದೆ ಮೆರೆಯಬಹುದು. ಹುಟ್ಟಿದ ತೋಳು ತೆಗೆಸಿ ಉಕ್ಕಿನ ತೋಳು ಹಾಕಿಸಿಕೊಳ್ಳಬಹುದು. ಇಷ್ಟೆಲ್ಲ ಸೌಕರ್ಯ ಇರುವಾಗ ನಮ್ಮ ರಾಯರು ಲಾರಿ ಡ್ರೈವರ್ ಆದರು.

ಆಟದ ಹೆಸರು ಶ್ಯಾಡೋರನ್. ಷಿಕಾಗೋದ ಫಾಸಾ ಕಂಪನಿ 1989ರಲ್ಲಿ ಹೊರತಂದದ್ದು. ಕಥೆ ಶುರುವಾಗುವುದು 2050ರಲ್ಲಿ. ಅಷ್ಟು ಹೊತ್ತಿಗೆ ಅಮೆರಿಕ ಒಡೆದು ಹಲವು ದೇಶಗಳಾಗಿವೆ, ಮಾಟಮಂತ್ರ ವಾಪಸು ಬಂದಿದೆ, ಜಗತ್ತಿನ ಅತಿ ದೊಡ್ಡ ಕಂಪನಿಯೊಂದನ್ನು ಒಂದು ಡ್ರ್ಯಾಗನ್ ನಡೆಸುತ್ತಿದೆ. ಐದಾರು ಜನ ಮೇಜಿನ ಸುತ್ತ ಕೂತು ಆಡುವುದು. ಗೇಮ್ ಮಾಸ್ಟರ್ ಎಂಬುವನು ಸೂತ್ರಧಾರ. ಪೊಲೀಸು, ಕಳ್ಳ, ಡ್ರ್ಯಾಗನ್, ಮಳೆ ಎಲ್ಲ ಅವನೇ. ಉಳಿದವರಿಗೆ ತಲಾ ಒಂದು ಪಾತ್ರ, ಕೈತುಂಬ ದಾಳ. 5, 6 ಬಿದ್ದವು ಲೆಕ್ಕಕ್ಕೆ. ಒಂದುಗಳೇ ಜಾಸ್ತಿ ಬಿದ್ದರೆ ಎಡವಟ್ಟು.

ಕಥೆ ನಡೆಯುವ ಊರು ಸಿಯಾಟಲ್. ರಾಯರು ಇರುವುದೂ ಅದರ ಮಗ್ಗುಲಿನ ಬೆಲ್‌ವ್ಯೂನಲ್ಲಿ. ಕನ್ನಡಿಗರಿಗೆ ಈ ಕಡೆ ಬರಗಾಲವಿಲ್ಲ. ದಿನಸಿ ಅಂಗಡಿಯಲ್ಲಿ ಎಂಟಿಆರ್ ಪುಳಿಯೋಗರೆ ಪುಡಿಗೆ ಇಬ್ಬರು ಒಟ್ಟಿಗೆ ಕೈಹಾಕಿದರೆ ಇಬ್ಬರೂ ಸಾಫ್ಟ್‌ವೇರಿನವರೇ ಆಗಿರುತ್ತಾರೆ. ಆಟದಲ್ಲಿ ಬೆಲ್‌ವ್ಯೂ ಶ್ರೀಮಂತರ ಬಡಾವಣೆ. ಪಕ್ಕದ ರೆಡ್ಮಂಡ್ ಮಾತ್ರ ಹಾಳುಬಿದ್ದ ಕೊಂಪೆ, ರೆಡ್ಮಂಡ್ ಬ್ಯಾರೆನ್ಸ್ ಅಂತಲೇ ಅದರ ಹೆಸರು. ಗೂಂಡಾಗಳು, ಕಾರ್ಖಾನೆಗಳ ಅವಶೇಷ, ಕರಗಿಬಿದ್ದ ಅಣುಸ್ಥಾವರ. ನಿಜ ಜೀವನದಲ್ಲಿ ರೆಡ್ಮಂಡಿನ ಆಫೀಸಿನಲ್ಲಿ ಡೇಟಾಬೇಸ್ ಕಾಯುವ ರಾಯರು ಈ ವಿವರ ಓದಿದಾಗ ಗೂಂಡಾಗಳ ಬಗ್ಗೆ ಏನೂ ಕೇಳಲಿಲ್ಲ. "ಹಾಗಾದ್ರೆ ಅಲ್ಲಿ ಸೈಟಿಗೆ ಈಗ ಎಷ್ಟಿದೆಯಂತೆ?" ಎಂದರು.

ರಾಯರಂಥವರು ಇಂಥ ಪ್ರತಿ ಮೇಜಿನಲ್ಲೂ ಒಬ್ಬರು ಇರುತ್ತಾರೆ. ಲೋಕಕ್ಕೆ ಕಲ್ಪನೆ ಬೇಕಾದದ್ದು ನಿಯಮದಿಂದ ತಪ್ಪಿಸಿಕೊಳ್ಳಲು. ಇವರಿಗೆ ಬೇಕಾದದ್ದು ಇನ್ನಷ್ಟು ನಿಯಮ ಸಿಗಲಿ ಅಂತ. ಆಫೀಸಿನ ಟೈಮ್‌ಶೀಟನ್ನು ಯಾವ ಶುಕ್ರವಾರವೂ ಹೊತ್ತಿಗೆ ಸರಿಯಾಗಿ ತುಂಬದ ಮನುಷ್ಯ, ಇಲ್ಲದ ಲಾರಿಯ ಟ್ರಿಪ್ ಶೀಟನ್ನು ಎಕ್ಸೆಲ್‌ನಲ್ಲಿ ಬಣ್ಣ ಹಾಕಿ ಇಟ್ಟಿದ್ದಾರೆ. ಟೈರಿಗೆ ಒಂದು ಕಾಲಂ, ಡೀಸೆಲ್ಲಿಗೆ ಒಂದು, ಹಮಾಲಿಗೆ ಒಂದು. ಇತರೆ ಖರ್ಚು ಅನ್ನುವ ಕಾಲಮ್ಮಿನಲ್ಲಿ ಪೊಲೀಸರು.

ಲಾರಿ ಅವರ ರಕ್ತದಲ್ಲಿ ಬಂದದ್ದೇನಲ್ಲ. ಸಕಲೇಶಪುರದವರು. ತಂದೆ ಬ್ಯಾಂಕಿನಲ್ಲಿದ್ದರು. ಮನೆತನದಲ್ಲಿ ಲಾರಿ ಹತ್ತುತ್ತಿದ್ದದ್ದು ವರ್ಗವಾದಾಗ, ಮನೆ ಸಾಮಾನಿನ ಜೊತೆ, ಡ್ರೈವರ್ ಪಕ್ಕ ಇಂಜಿನ್ನಿನ ಬಾನೆಟ್ ಮೇಲೆ ಚಾದರ ಮಡಿಸಿ ಹಾಕಿಕೊಂಡು. ಆ ಬಿಸಿ ಎಲ್ಲಿಂದ ಎಲ್ಲಿಗೆ ಏರಿತೋ, ಇಲ್ಲಿಗೆ ಬಂದಮೇಲೆ ತಲೆ ಮುಟ್ಟಿತು. ಇದಕ್ಕೆ ಬೆಲ್‌ವ್ಯೂ ಊರಿನದೂ ತಪ್ಪಿದೆ. ಕೆನ್‌ವರ್ತ್, ಪೀಟರ್‌ಬಿಲ್ಟ್ ಲಾರಿಗಳನ್ನು ಮಾಡುವ ಪ್ಯಾಕಾರ್ ಕಂಪನಿಯ ಮುಖ್ಯ ಕಚೇರಿ ಇರುವುದು ಇಲ್ಲೇ. ಕೆನ್‌ವರ್ತ್ ಹುಟ್ಟಿದ್ದು 1923ರಲ್ಲಿ, ಸಿಯಾಟಲ್ಲಿನಲ್ಲಿ. ಆ ಕಟ್ಟಡದ ಮುಂದೆ ಹೋಗುವಾಗ ರಾಯರು, ಗುಡಿ ಕಂಡವರು ನಡಿಗೆ ನಿಲ್ಲಿಸದೆ ಕೆನ್ನೆ ಮುಟ್ಟಿಕೊಳ್ಳುವಂತೆ, ಸಣ್ಣಗೆ ಒಂದು ತಲೆ ಬಾಗಿಸುತ್ತಾರೆ. ಶ್ರೀಮತಿಯವರು ಕಿಟಕಿಯಾಚೆ ನೋಡುತ್ತಾರೆ.

ಶ್ಯಾಡೋರನ್ನಿಗೂ ಮೊದಲು ಅವರು ಆಡುತ್ತಿದ್ದದ್ದು ಟ್ರಾವೆಲರ್, 1977ರ ಅಂತರಿಕ್ಷದ ಆಟ. ಅದರ ಸೊಗಸೆಂದರೆ, ನಕ್ಷತ್ರದಿಂದ ನಕ್ಷತ್ರಕ್ಕೆ ಸರಕು ಸಾಗಿಸುವ ನಿಮ್ಮ ನೌಕೆ ಬ್ಯಾಂಕ್ ಸಾಲದ ಮೇಲೆ ಕೊಂಡದ್ದು. ಬೆಲೆಯ 240ನೇ ಒಂದು ಭಾಗ ತಿಂಗಳ ಕಂತು, ಅಂಥ 480 ಕಂತು. 40 ವರ್ಷ! ಬೆಲ್‌ವ್ಯೂ ಮನೆ ಸಾಲಕ್ಕಿಂತ ಹತ್ತು ವರ್ಷ ಜಾಸ್ತಿ. ಬೇರೆಯವರು ಸಾಲ ಮರೆತು ಕಡಲ್ಗಳ್ಳರಂತೆ ಆಡಿದರೆ ರಾಯರು ಮಾತ್ರ ಗ್ಯಾಲಕ್ಸಿಯ ಅಂಚಿನಲ್ಲಿ ನಿಂತು, ಮುಂಗಡ ಕಟ್ಟಿದರೆ ಬಡ್ಡಿ ಎಷ್ಟು ಇಳಿಯುತ್ತದೆಂದು ವಿಚಾರಿಸುತ್ತಿದ್ದರು. ಕಾರುಗಳಿಗೆ ಮೆಷಿನ್‌ಗನ್ ಕಟ್ಟಿ ಕಾದಾಡುವ ಕಾರ್ ವಾರ್ಸ್ ಆಟಕ್ಕೆ 1983ರಲ್ಲಿ ಟ್ರಕ್ ಸ್ಟಾಪ್ ಅಂತ ಒಂದು ಪೂರಕ ಬಂತು, ಬರೀ ದೊಡ್ಡ ಲಾರಿಗಳ ನಿಯಮ. ರಾಯರ ಕಪಾಟಿನಲ್ಲಿ ಪೂರಕ ಇದೆ, ಮೂಲ ಆಟ ಇಲ್ಲ.

ಶ್ಯಾಡೋರನ್ನಿನಲ್ಲಿ ಗಾಡಿಯವರನ್ನು ರಿಗ್ಗರ್ ಅನ್ನುತ್ತಾರೆ. ರಿಗ್ಗರನ ತಲೆಯಲ್ಲಿ ಒಂದು ಯಂತ್ರ ಕೂರಿಸಿರುತ್ತದೆ. ಅದರ ಮೂಲಕ ಅವನು ಗಾಡಿಯೊಳಗೆ 'ಜಿಗಿದರೆ' ಗಾಡಿಯೇ ಮೈ. ಕ್ಯಾಮೆರಾ ಕಣ್ಣು, ಚಕ್ರ ಕಾಲು. ಗಾಡಿಗೆ ಪೆಟ್ಟು ಬಿದ್ದರೆ ಇವನಿಗೂ ನೋವು. ಬುದ್ಧಿ ಇರುವ ರಿಗ್ಗರುಗಳು ಬೈಕು, ಡ್ರೋನು, ಹೆಚ್ಚೆಂದರೆ ಏರ್ಸ್ ರೋಡ್‌ಮಾಸ್ಟರ್ ಎಂಬ ಕವಚದ ವ್ಯಾನು ಇಟ್ಟುಕೊಳ್ಳುತ್ತಾರೆ. ರಾಯರು ಕನೆಸ್ಟೋಗ ಟ್ರೇಲ್‌ಬ್ಲೇಜರ್ ತಗೊಂಡರು. ಅದಕ್ಕೆ 53 ಅಡಿ ಟ್ರೇಲರು. ಗುಪ್ತವಾಗಿ ಕೆಲಸ ಮುಗಿಸಿ ಯಾರ ಕಣ್ಣಿಗೂ ಬೀಳದೆ ಜಾರಿಕೊಳ್ಳಬೇಕಾದ ಕಳ್ಳರ ತಂಡಕ್ಕೆ ಇದು ವಾಹನ. ಜಿಗಿದಾಗ ರಾಯರು ಕಣ್ಣು ಮುಚ್ಚುತ್ತಾರೆ, ಬಲಗಾಲು ಮೇಜಿನ ಕೆಳಗೆ ಆಡುತ್ತದೆ, ನಿಂತಾಗ ಬಾಯಲ್ಲಿ 'ಪ್ಶ್ಶ್...' ಅನ್ನುತ್ತಾರೆ. ಏರ್ ಬ್ರೇಕು.

ನಿಜವಾದ ಸಿಯೆನಾ ವ್ಯಾನನ್ನು ಕಾಸ್ಟ್‌ಕೋ ಪಾರ್ಕಿಂಗಿನಲ್ಲಿ ರಿವರ್ಸ್ ತೆಗೆಯುವಾಗ ಶ್ರೀಮತಿಯವರು ಇಳಿದು ಹಿಂದೆ ನಿಲ್ಲಬೇಕು ಎನ್ನುವುದನ್ನು ಇಲ್ಲಿ ಸುಮ್ಮನೆ ದಾಖಲಿಸುತ್ತೇನೆ.

ಆ ಪದ್ಧತಿ ಆಟಕ್ಕೂ ಬಂತು. ನಮ್ಮ ತಂಡದಲ್ಲಿ ಒಬ್ಬ ಟ್ರೋಲ್ ಇದ್ದಾನೆ. ಎರಡೂವರೆ ಮೀಟರ್ ಎತ್ತರ, ತಲೆಯ ಮೇಲೆ ಕೊಂಬು, ಹೆಗಲಿಗೆ ಮೆಷಿನ್‌ಗನ್. ಆ ಪಾತ್ರ ಆಡುವವನು ಟಕೋಮಾದ ಒಬ್ಬ ಸಾಧು ಹುಡುಗ, ಶಾಲಾಮಕ್ಕಳಿಗೆ ಬ್ಯಾಂಡು ಕಲಿಸುತ್ತಾನೆ. ರಾಯರು ಅವನನ್ನು ಕ್ಲೀನರ್ ಮಾಡಿಕೊಂಡರು. ಟೈರಿಗೆ ಸುತ್ತಿಗೆಯಲ್ಲಿ ಬಡಿದು ಗಾಳಿ ನೋಡುವುದು, ತಾಡಪಾಲು ಬಿಗಿಯುವುದು, ಹಿಂದೆ ನಿಂತು ಬಾಡಿ ತಟ್ಟುವುದು ಅವನ ಪಾಲು. ಈಗ ಆ ಹುಡುಗ ಶುದ್ಧ ಅಮೆರಿಕನ್ ನಾಲಿಗೆಯಲ್ಲಿ "ಬರ್ಲಿ, ಬರ್ಲಿ, ಬರ್ಲಿ... ಹೋಲ್ಡಾನ್!" ಅನ್ನುತ್ತಾನೆ. ಅದು ಯಾವುದೋ ಮಂತ್ರ ಅಂತ ಮಂತ್ರವಾದಿ ಪಾತ್ರದ ಹೆಣ್ಣುಮಗಳು ಬಹಳ ದಿನ ನಂಬಿದ್ದರು.

"ಆಟದಲ್ಲಿ ಗ್ರಿಡ್‌ಗೈಡ್ ಇದೆಯಲ್ಲ ರಾಯರೇ, ರಸ್ತೆಯೇ ಗಾಡಿ ಓಡಿಸುತ್ತೆ. ಡ್ರೈವರೇ ಬೇಡದ ಕಾಲದಲ್ಲಿ ಕ್ಲೀನರ್ ಯಾಕೆ?" ಎಂದು ಒಂದು ದಿನ ಕೇಳಿದೆ. ರಾಯರು ಫೋನು ತೆಗೆದು ಸುದ್ದಿ ತೋರಿಸಿದರು. 2025ರ ಮೇ ತಿಂಗಳಲ್ಲಿ ಟೆಕ್ಸಸ್ಸಿನ ಡಲ್ಲಾಸ್–ಹ್ಯೂಸ್ಟನ್ ನಡುವೆ ಅರೋರಾ ಎಂಬ ಕಂಪನಿ ಡ್ರೈವರಿಲ್ಲದೆ ಲಾರಿ ಓಡಿಸಿತು. ಅದೇ ತಿಂಗಳೊಳಗೆ, ಲಾರಿ ಮಾಡಿದ ಪ್ಯಾಕಾರಿನವರು ಕೇಳಿಕೊಂಡರೆಂದು ಮುಂದಿನ ಸೀಟಿಗೆ ಮತ್ತೆ ಒಬ್ಬ ಮನುಷ್ಯನನ್ನು ಕೂರಿಸಿದರು. ಅವನು ಓಡಿಸುತ್ತಿರಲಿಲ್ಲ. ಸುಮ್ಮನೆ ಕೂತಿರುತ್ತಿದ್ದ.

"ನೋಡಿದ್ರಾ?" ಎಂದರು ರಾಯರು. "ಡ್ರೈವರ್ ಬೇಡ ಅಂದ್ಕೊಳ್ಳಿ. ಕ್ಲೀನರ್ ಬೇಕೇ ಬೇಕು ರೀ."

ಗೇಮ್ ಮಾಸ್ಟರ್ ಒಬ್ಬ ಸಹನಶೀಲ. ಆದರೂ "ಗೋದಾಮಿನಿಂದ ಸರಕು ತುಂಬಿಕೊಂಡು ಹೊರಟಿರಿ" ಎಂದು ಅವನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದನ್ನು ನಾನು ಕಂಡಿಲ್ಲ. 'ತುಂಬಿಕೊಂಡು' ಅನ್ನುವಷ್ಟರಲ್ಲಿ ರಾಯರ ಕೈ ಏಳುತ್ತದೆ. ಎಷ್ಟು ಪೌಂಡು? ಒಟ್ಟು 80,000 ಮೀರುವಂತಿಲ್ಲ, ಜೋಡಿ ಆ್ಯಕ್ಸಲ್ ಮೇಲೆ 34,000. ಅದೂ ಸಾಲದು, ಆ್ಯಕ್ಸಲ್‌ಗಳ ನಡುವೆ ಎಷ್ಟು ಅಂತರವಿದ್ದರೆ ಎಷ್ಟು ಭಾರ ಅನ್ನುವುದಕ್ಕೆ 1974ರ ಸೇತುವೆ ಸೂತ್ರ ಇದೆ. ಟ್ರೋಲ್ ಮುಂದೆ ಕೂರುತ್ತಾನೋ ಹಿಂದೆಯೋ ಹೇಳಬೇಕು, ಸ್ಟೀರಿಂಗ್ ಆ್ಯಕ್ಸಲ್ಲಿಗೆ ಲೆಕ್ಕ ಬೇಕು.

"ರಾವ್," ಎಂದ ಗೇಮ್ ಮಾಸ್ಟರ್ ಒಮ್ಮೆ, "ಆ ಕಾನೂನು ಮಾಡಿದ ಸರ್ಕಾರವೇ ನಮ್ಮ ಕಥೆಯಲ್ಲಿ ಈಗ ಇಲ್ಲ."

"ಸರ್ಕಾರ ಹೋಗಲಿ. ಸೇತುವೆ ಇದೆಯಲ್ಲ?"

ಉತ್ತರ ಕೊಡುವುದು ಕಷ್ಟ. ರಾಯರ ಜೊತೆಗಿನ ತೊಂದರೆಯೇ ಇದು. ಅವರು ಹೇಳುವುದು ಸರಿಯಾಗಿರುತ್ತದೆ.

ಸ್ನೋಕ್ವಾಲ್ಮಿ ಘಾಟಿಯ ದರೋಡೆಯನ್ನೇ ತಗೊಳ್ಳಿ. ಆಟದಲ್ಲಿ ಸಿಯಾಟಲ್ ಒಂದು ದ್ವೀಪದಂಥ ಊರು, ಸುತ್ತಲೂ ಸೇಲಿಶ್-ಶಿಡೇ ಎಂಬ ಮೂಲನಿವಾಸಿಗಳ ದೇಶ. ರಸ್ತೆಯಲ್ಲಿ ಪೂರ್ವಕ್ಕೆ ಹೊರಟ ಸರಕು ಗಡಿ ದಾಟಲೇಬೇಕು, ಘಾಟಿ ಹತ್ತಲೇಬೇಕು. ಅಂಥ ಒಂದು ಕಂಪನಿ ಟ್ರೇಲರನ್ನು ನಾವು ಎತ್ತಬೇಕಿತ್ತು. ಘಾಟಿ 3,000 ಅಡಿ ಚಿಲ್ಲರೆ. ಚಳಿಗಾಲದಲ್ಲಿ ಹಿಮ ಹೆಚ್ಚಾದಾಗ ಚಕ್ರಕ್ಕೆ ಸರಪಳಿ ಕಟ್ಟದೆ ಲಾರಿ ಬಿಡುವುದಿಲ್ಲ. ಶಿರಾಡಿ ನೋಡಿ ಬೆಳೆದ ರಾಯರು "ಹಿಮ ಒಂದು ಬಿಟ್ಟರೆ ಇದೇನು ಘಾಟಿ ರೀ" ಅಂದರೂ ಸರಪಳಿ ಕಟ್ಟಲು ಟ್ರೋಲನ್ನು ಇಳಿಸಿದರು.

ನಮ್ಮ ತಂಡದ ಉಕ್ಕಿನ ತೋಳಿನವನು ಯೋಜನೆ ಹೇಳಿದ: ಬ್ರೇಕಿನ ಪೈಪು ಕತ್ತರಿಸೋಣ, ಇಳಿಜಾರಿನಲ್ಲಿ ಲಾರಿ ಹತೋಟಿ ತಪ್ಪಿ ಓಡಲಿ, ಸಿನಿಮಾದಲ್ಲಿ ನೋಡಿದ್ದೇನೆ. ರಾಯರು ಕನ್ನಡಕ ತೆಗೆದು ಒರೆಸಿದರು. ಇದು ಕೆಟ್ಟ ಸೂಚನೆ. ಟ್ರೇಲರಿಗೆ ಹೋಗುವುದು ಎರಡು ಗಾಳಿ ಪೈಪು, ಒಂದು ನೀಲಿ, ಒಂದು ಕೆಂಪು. ನೀಲಿಯದು ಕಾಲಲ್ಲಿ ಒತ್ತುವ ಬ್ರೇಕು. ಕೆಂಪಿನಲ್ಲಿ ಗಾಳಿ ಇರುವವರೆಗೆ ಮಾತ್ರ ಸ್ಪ್ರಿಂಗು ಹಿಂದೆ ಸರಿದಿರುತ್ತದೆ. ಗಾಳಿ ಹೋಯಿತೋ, ಸ್ಪ್ರಿಂಗು ಚಾಚಿ ಬ್ರೇಕು ಹಿಡಿದುಕೊಳ್ಳುತ್ತದೆ. ಪೈಪು ಕತ್ತರಿಸಿದರೆ ಲಾರಿ ಓಡುವುದಿಲ್ಲ, ನಿಲ್ಲುತ್ತದೆ. ಇದನ್ನು ರಾಯರು ಪಿಜ್ಜಾ ಡಬ್ಬದ ಮುಚ್ಚಳದ ಮೇಲೆ ಚಿತ್ರ ಬರೆದು ವಿವರಿಸಿ ಮುಗಿಸುವಷ್ಟರಲ್ಲಿ ಪಿಜ್ಜಾ ಆರಿತ್ತು.

"ನಿಂತರೆ ನಮಗೆ ಇನ್ನೂ ಒಳ್ಳೆಯದಲ್ಲವಾ?" ಎಂದಳು ತಂಡದ ಎಲ್ಫ್. ಕೆಂಪು ಪೈಪಿಗೆ ಗುರಿಯಿಟ್ಟಳು, ದಾಳ ಎಸೆದಳು, ಹೊಡೆದಳು. ಟ್ರೇಲರಿನ ಎಂಟೂ ಚಕ್ರ ಕಚ್ಚಿಕೊಂಡು ಲಾರಿ ನಿಂತಿತು. ಬೆಂಗಾವಲಿನವರನ್ನು ಓಡಿಸಿದ್ದೂ ಆಯಿತು. ಎಲ್ಲರೂ ರಾಯರ ಬೆನ್ನು ತಟ್ಟಿದರು.

"ಈಗ ಹೊರಡೋಣ," ಎಂದ ಗೇಮ್ ಮಾಸ್ಟರ್, "ಹತ್ತು ನಿಮಿಷದಲ್ಲಿ ಡ್ರೋನುಗಳು ಬರುತ್ತವೆ."

"ಹೇಗೆ ಹೊರಡೋದು?" ಎಂದರು ರಾಯರು. "ಬ್ರೇಕು ಹಿಡಿದಿದೆಯಲ್ಲ."

ಟ್ರೇಲರಿನ ಕಾಲು ಇಳಿಸಬೇಕು, ಕೈಯಲ್ಲಿ ತಿರುಗಿಸಿ. ಅವರ ಲಾರಿ ಬಿಚ್ಚಬೇಕು. ನಮ್ಮ ಲಾರಿ ಹಿಂದಕ್ಕೆ ತಂದು ಕಿಂಗ್‌ಪಿನ್ ಕೂರಿಸಬೇಕು ("ಬರ್ಲಿ, ಬರ್ಲಿ"). ಹೊಸ ಪೈಪು ಸಿಕ್ಕಿಸಿ ಟ್ಯಾಂಕಿಗೆ ಗಾಳಿ ತುಂಬುವವರೆಗೆ ಇಂಜಿನ್ ರೇಸ್ ಮಾಡುತ್ತ ಕಾಯಬೇಕು. ಆಮೇಲೆ ಕಾಲು ಎತ್ತಬೇಕು, ಮತ್ತೆ ಕೈಯಲ್ಲಿ. ಡ್ರೋನುಗಳು ಬಂದವು, ಗುಂಡು ಹಾರಿದವು. ಮಂತ್ರವಾದಿ ಹೆಣ್ಣುಮಗಳು ಬೆಂಕಿಯುಂಡೆ ಎಸೆದು ಎಸೆದು ಸುಸ್ತಾಗಿ ಪ್ರಜ್ಞೆ ತಪ್ಪಿದರು. "ಆಯ್ತಾ? ಹೋಗೋಣ್ವಾ?" ಎಂದು ಎಲ್ಲರೂ ಕೂಗಿದರು. ರಾಯರು ಕಣ್ಣು ಮುಚ್ಚಿದವರೇ ಸಮಾಧಾನವಾಗಿ, "ಒಂದ್ ನಿಮಿಷ. ಪಿನ್ ಕಚ್ಚಿದೆಯಾ ಅಂತ ಒಂದ್ಸಲ ಎಳೆದು ನೋಡ್ಬೇಕು" ಎಂದರು. ನೋಡಿದರು. ಕಚ್ಚಿತ್ತು. ಪ್ಶ್ಶ್.

ಆ ಸಂಜೆಯ ಕೊನೆಗೆ ಲೂಟಿ ಹಂಚುವಾಗ ಎಲ್ಲರಿಗೂ ಸಮಪಾಲು ಬಂತು. ರಾಯರು ಮಾತ್ರ ಬಾಡಿಗೆ ಬಿಲ್ಲು ಬೇರೆ ಕೊಟ್ಟರು. ಹಾಲ್ಟಿಂಗ್ ಚಾರ್ಜು, ಕ್ಲೀನರ್ ಬತ್ತೆ ಸೇರಿಸಿ. ಟ್ರೋಲಿಗೆ ಅವನ ಬತ್ತೆ ಅಲ್ಲೇ ಎಣಿಸಿ ಕೊಟ್ಟರು ಎನ್ನುವುದೂ ನಿಜ. ಆ ಹುಡುಗ ಈಗ ಬೇರೆ ಯಾರ ಗಾಡಿಯನ್ನೂ ಹತ್ತುವುದಿಲ್ಲ.

ಇಂಥ ರಾಯರ ರಿಗ್ಗರ್ ಸತ್ತದ್ದು ಹೇಗೆಂದು ಕೇಳಿದರೆ ಹೊರಗಿನವರು ನಂಬುವುದಿಲ್ಲ. ಗುಂಡೇಟಿನಿಂದಲ್ಲ, ಅಪಘಾತದಿಂದಲ್ಲ. ಡ್ರ್ಯಾಗನ್ನಿನ ಸರಕು ಕದ್ದು ಅದರಿಂದ ತಪ್ಪಿಸಿಕೊಂಡು ಓಡುತ್ತಿದ್ದೆವು. ಗಡಿ ಇನ್ನೇನು ಒಂದು ಗಂಟೆ ದಾರಿ. ರಾಯರು ಬ್ಲಿಂಕರ್ ಹಾಕಿ ಹೆದ್ದಾರಿ ಬದಿಯ ರೆಸ್ಟ್ ಏರಿಯಾಕ್ಕೆ ಗಾಡಿ ತಿರುಗಿಸಿದರು. 11 ಗಂಟೆ ಓಡಿಸಿಯಾಗಿದೆ, ಇನ್ನು 10 ಗಂಟೆ ವಿಶ್ರಾಂತಿ, ಅಮೆರಿಕದ ಲಾರಿ ಡ್ರೈವರಿಗೆ ಕಾನೂನು. ನಾವು ಬೇಡಿಕೊಂಡೆವು. ಎಲ್ಫ್ ಅತ್ತಳು. ರಾಯರು ಲಾಗ್ ಪುಸ್ತಕದಲ್ಲಿ 'ಆಫ್ ಡ್ಯೂಟಿ' ಬರೆದು ಹಿಂದಿನ ಬಂಕಿನಲ್ಲಿ ಮಲಗಿದರು. ಡ್ರ್ಯಾಗನ್ನಿಗೆ ಅಂಥ ಕಾನೂನು ಇರಲಿಲ್ಲ. ಗೇಮ್ ಮಾಸ್ಟರ್ ದಾಳ ಎಸೆಯುವ ಮೊದಲು ಎರಡು ಸಲ ಕೇಳಿದ, "ಖಂಡಿತ ಮಲಗ್ತೀಯಾ?"

ಸತ್ತಮೇಲೆ ಹೊಸ ಪಾತ್ರ ಮಾಡಬೇಕು. ಈ ಸಲ ಲಾರಿ ಬೇಡ ಎಂದು ಎಲ್ಲರೂ ಸೇರಿ ಹೇಳಿದೆವು. ಶ್ರೀಮತಿಯವರೂ ಅಡುಗೆಮನೆಯಿಂದಲೇ "ಬೇಡ" ಅಂದರು. ರಾಯರು ಒಪ್ಪಿದರು. ಮಂತ್ರವಾದಿಯಾದರು! ಮುಂದಿನ ಶನಿವಾರ ಉದ್ದ ನಿಲುವಂಗಿಯ, ದಂಡ ಹಿಡಿದ ಮಾಂತ್ರಿಕನ ಚಿತ್ರ ಬರೆಸಿಕೊಂಡೇ ಬಂದರು. ನಮಗೆ ಕಣ್ಣು ತುಂಬಿತು. ಮಂತ್ರಗಳ ಪಟ್ಟಿ ನೋಡಿದೆವು. ಬೆಂಕಿಯುಂಡೆ ಇಲ್ಲ, ಮಾಯವಾಗುವುದು ಇಲ್ಲ. ಇದ್ದದ್ದು ಮೇಲೆತ್ತುವ ಮಂತ್ರ, ಲೆವಿಟೇಟ್, ಒಂದೇ. ಅದರ ನಿಯಮದಲ್ಲಿ ಎತ್ತುವ ಪ್ರತಿ 200 ಕಿಲೋಗೆ ದಾಳದಲ್ಲಿ ಒಂದು ಗೆಲುವು ಬೇಕು.

ರಾಯರು ಕ್ಯಾಲ್ಕುಲೇಟರ್ ಒತ್ತುತ್ತಿದ್ದರು. "80,000 ಪೌಂಡು ಅಂದ್ರೆ 36 ಟನ್ನಿನ ಮೇಲೆ. 182 ಗೆಲುವು ಬೇಕಾಗುತ್ತೆ," ಎಂದರು. ಅವರ ಕೈಲಿದ್ದದ್ದು ಹದಿನೈದು ದಾಳ.

"ಆಗಲ್ಲ ಬಿಡಿ ರಾಯರೇ," ಎಂದೆ.

"ಒಂದೇ ಸಲ ಆಗಲ್ಲ," ಎಂದು ಅವರು ಎಕ್ಸೆಲ್ ತೆರೆದರು. "ಪಾರ್ಟ್ ಲೋಡ್ ಮಾಡಿ ಎತ್ತೋಣ. ಟ್ರಿಪ್ಪಿಗೆ ಎಷ್ಟು ಹಾಕ್ಲಿ?"