ವರಾನ್ವೇಷಣೆ

ಹೊಳೆನರಸೀಪುರದಲ್ಲಿ, ಹೇಮಾವತಿಯ ದಡದಿಂದ ಅನತಿದೂರದ ಮನೆಯೊಂದರ ಜಗಲಿಯಲ್ಲಿ, ಕನ್ಯಾಪಿತೃಗಳಾದ ನಿವೃತ್ತ ಶಿರಸ್ತೇದಾರರು ವರನನ್ನು ಆಪಾದಮಸ್ತಕವಾಗಿ ಅವಲೋಕಿಸಿ, ಗೋತ್ರನಕ್ಷತ್ರಗಳು ಹೊಂದಿದುವೆಂಬ ಸಂತೋಷವನ್ನು ತತ್ಕಾಲಕ್ಕೆ ಅದುಮಿಟ್ಟುಕೊಂಡು, ಉದ್ಯೋಗವಿಚಾರಕ್ಕೆ ಇಳಿದರು.

"ತಮ್ಮ ಕಚೇರಿ ಎಲ್ಲಿ?"

"ಕಚೇರಿಯಿಲ್ಲ, ಸ್ವಾಮಿ. ಪತ್ರಿಕೆಗಳಿಗೆ ಬರೆಯುತ್ತೇನೆ, ಪ್ರಕಾಶಕರ ಹಸ್ತಪ್ರತಿಗಳನ್ನು ತಿದ್ದಿ, ಕರಡಚ್ಚು ನೋಡಿಕೊಡುತ್ತೇನೆ."

"ಸಂಬಳ?"

"ಸಂಭಾವನೆ. ಲೇಖನ ಅಚ್ಚಾದ ಮೇಲೆ, ಅವರಿಗೆ ಅನುಕೂಲವಾದಾಗ."

"ಅನುಕೂಲವಾಗದಿದ್ದರೆ?"

"ಗೌರವಪ್ರತಿ ಬರುತ್ತದೆ."

ಒಳಗಿನಿಂದ ಬರುತ್ತಿದ್ದ ಕೇಸರಿಬಾತಿನ ತಟ್ಟೆ ಹೊಸ್ತಿಲಲ್ಲೇ ನಿಂತಿತು.

"ಇದರಲ್ಲಿ ಬದುಕಿದವರುಂಟೆ?"

"ಏಕಿಲ್ಲ? ನಿಮ್ಮ ನೆರೆಯ ಅರಕಲಗೂಡನ್ನು ಹೆಸರಿನಲ್ಲೇ ಹೊತ್ತ ಅ. ನ. ಕೃಷ್ಣರಾಯರು ಲೇಖನಿಯನ್ನೇ ನಂಬಿ ನೂರಕ್ಕೂ ಮಿಕ್ಕ ಕಾದಂಬರಿಗಳನ್ನು ಬರೆದರು. 'ಕನ್ನಡ ನುಡಿ'ಯ ಸಂಪಾದಕರಾಗಿದ್ದರು. 1960ರಲ್ಲಿ ಮಣಿಪಾಲದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು."

"ನೂರು! ಒಂದರಲ್ಲೇ ಸಂಸಾರ ನಡೆದಿದ್ದರೆ ಎರಡನೆಯದನ್ನೇಕೆ ಬರೆಯುತ್ತಿದ್ದರು?"

ಕಂದಾಯದ ಲೆಕ್ಕದಲ್ಲಿ ಪಳಗಿದ ಬುದ್ಧಿಗೆ ಸಾಹಿತ್ಯವಿಮರ್ಶೆ ಎಷ್ಟು ಸುಲಭವೆಂಬುದನ್ನು ಇಲ್ಲಿ ಗಮನಿಸತಕ್ಕದ್ದು.

"ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು, ಊರೂರು ತಿರುಗಿ ಮಾರಿದರು," ಎಂದು ವರನು ಇನ್ನೊಂದು ದೃಷ್ಟಾಂತವನ್ನು ಅವಿವೇಕದಿಂದ ಮುಂದಿಟ್ಟನು.

"ಇನ್ನೊಂದು ಗಂಟನ್ನು ನಮ್ಮ ಹುಡುಗಿಯ ತಲೆಯ ಮೇಲಿಡುವಿರೋ?"

ಸಂಬಂಧ ಕುದುರಲಿಲ್ಲ. ಆದರೆ ಶಿರಸ್ತೇದಾರರು, ವಿಶ್ರಾಂತಿಕಾಲದಲ್ಲಿ ತಾವು ರಚಿಸಿದ್ದ ಸ್ವವಂಶಚರಿತ್ರೆಯ ದಪ್ಪನಾದ ಹಸ್ತಪ್ರತಿಯನ್ನು ಒಳಗಿನಿಂದ ತರಿಸಿ, "ಹೇಗೂ ತಮಗೆ ಕೆಲಸವಿಲ್ಲವಲ್ಲ, ಇದನ್ನಿಷ್ಟು ತಿದ್ದಿಕೊಡಿ," ಎಂದರು. ವರನು ತಿದ್ದಿಕೊಟ್ಟನು. ಪುಸ್ತಕವು ಅಚ್ಚಾಯಿತು, ಸಂಭಾವನೆ ಇನ್ನೂ ಬಂದಿಲ್ಲ.