ಬಾನೆಟ್ ಮಾವ

ಕುವೆಂಪುನಗರದ ಆ ಮನೆಯವರು ಗೇಟು ತೆಗೆದು "ಬನ್ನಿ, ಬನ್ನಿ" ಅನ್ನುವಷ್ಟರಲ್ಲಿ ಮಾವ ನನ್ನನ್ನು ದಾಟಿ ಒಳಗೆ ಹೋಗಿ, ಪೋರ್ಟಿಕೋದಲ್ಲಿ ನಿಂತಿದ್ದ ಕಾರಿನ ಬಾನೆಟ್ ಮೇಲೆ ಅಂಗೈ ಇಟ್ಟಾಗಿತ್ತು. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುತ್ತಾರಲ್ಲ, ಹಾಗೆ. ಕಣ್ಣು ಅರೆಮುಚ್ಚಿ ಎರಡು ಕ್ಷಣ ನಿಂತರು. ಆಮೇಲೆ ನನ್ನ ಕಡೆ ತಿರುಗಿ, ಮೂರು ಮನೆಯಾಚೆಗೂ ಕೇಳುವಂಥ ಪಿಸುಮಾತಿನಲ್ಲಿ ಹೇಳಿದರು: "ಬಿಸಿ ಇದೆ, ಅಳಿಯಂದ್ರೇ."

"ಬೆಳಿಗ್ಗೆ ಹಾಲು ತರೋಕೆ ಹೋಗಿದ್ದೆ" ಅಂದರು ಮನೆಯವರು.

"ನಂದಿನಿ ಬೂತು ಎದುರಿಗೇ ಇದ್ಯಲ್ಲ ಸಾರ್?"

ಆ ವ್ಯವಹಾರ ಅಲ್ಲಿಗೆ ಮುಗಿಯಿತು. ಕಾಫಿ ಕುಡಿದೆವು. ಉಪ್ಪಿಟ್ಟನ್ನು ಮಾವ ಮುಟ್ಟಲಿಲ್ಲ, ನನಗೂ ಮುಟ್ಟಗೊಡಲಿಲ್ಲ. ಕಾಫಿಗೆ ಅಡ್ಡಿಯಿಲ್ಲ, ತಿಂಡಿ ತಿಂದರೆ ರೇಟು ಕೇಳುವಾಗ ಬಾಯಿ ಏಳುವುದಿಲ್ಲ ಅನ್ನುವುದು ಅವರ ಸಿದ್ಧಾಂತ. ವಾಪಸು ಬರುವ ದಾರಿಯುದ್ದಕ್ಕೂ ಪಾಠ ನಡೆಯಿತು. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿದಾಗಲೇ ಅದರ ರೋಗವೆಲ್ಲ ಹೊರಬೀಳುವುದು. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ ಒಳಗೆ ನೀರು ಇಳಿಯುತ್ತಿದೆ. ನಾವು ಬರುವ ಮೊದಲೇ ಬಿಸಿ ಮಾಡಿ ಇಟ್ಟಿದ್ದಾರೆ ಅಂದರೆ ರೋಗಿಗೆ ಮಾತ್ರೆ ನುಂಗಿಸಿ ಡಾಕ್ಟರ ಮುಂದೆ ಕೂರಿಸಿದ ಹಾಗೆ. ನನಗೆ ಆ ಕಾರಿನ ಬಣ್ಣ ತುಂಬ ಹಿಡಿಸಿತ್ತು. ಕಾರುಗಳ ವಿಷಯದಲ್ಲಿ ನನಗೆ ಗೊತ್ತಾಗುವುದು ಅದೊಂದೇ ಆದ್ದರಿಂದ ಸುಮ್ಮನಿದ್ದೆ.

ಪ್ರತಿ ಬಂಧುಬಳಗದಲ್ಲೂ ಜಾತಕ ನೋಡುವವರು ಒಬ್ಬರು, ಸೈಟಿನ ಖಾತೆ-ಕಂದಾಯ ತಿಳಿದವರು ಒಬ್ಬರು, ಹಳೆ ಗಾಡಿ ತೂಗಿ ಹೇಳುವವರು ಒಬ್ಬರು ಇದ್ದೇ ಇರುತ್ತಾರೆ. ಮೊದಲಿಬ್ಬರನ್ನು ನಾವು ಹುಡುಕಿಕೊಂಡು ಹೋಗಬೇಕು. ಮೂರನೆಯವರು ತಾವೇ ಬರುತ್ತಾರೆ. ನಮ್ಮ ಪಾಲಿಗೆ ಬಂದವರು ನನ್ನ ಹೆಂಡತಿಯ ಸೋದರಮಾವ. ಕಾರು ಕೊಳ್ಳುವ ಮಾತನ್ನು ನಾನು ಮನೆಯಲ್ಲಿ ರಾತ್ರಿ ಒಂಬತ್ತಕ್ಕೆ ಎತ್ತಿದ್ದೆ. ಬೆಳಿಗ್ಗೆ ಏಳಕ್ಕೆ ಅವರ ಫೋನು. "ಬಜೆಟ್ ಎಷ್ಟು?" ಅಂದರು. "ನಾಲ್ಕು ಲಕ್ಷದೊಳಗೆ" ಅಂದೆ. "ನಾಲ್ಕಕ್ಕೆ ಏನೂ ಬರಲ್ಲ. ಭಾನುವಾರ ಎಷ್ಟು ಗಂಟೆಗೆ ಹೊರಡೋಣ?"

ಈ ಜಾತಿಯವರು ಕಾರನ್ನು ಕಾರು ಅನ್ನುವುದಿಲ್ಲ, ಗಾಡಿ ಅನ್ನುತ್ತಾರೆ. ಗಾಡಿಗೆ ಮಾಲೀಕರಿರುವುದಿಲ್ಲ, ಕೈಗಳಿರುತ್ತವೆ. ಒಂದೇ ಕೈ, ಎರಡನೇ ಕೈ. ಆ ಕೈಗಳ ಬಗ್ಗೆ ಮಾವನಿಗೆ ಖಚಿತ ಅಭಿಪ್ರಾಯಗಳಿವೆ. ಡಾಕ್ಟರ ಗಾಡಿ ಪರವಾಗಿಲ್ಲ, ಸರ್ವಿಸ್ ತಪ್ಪಿಸಿರುವುದಿಲ್ಲ. ಮೇಷ್ಟ್ರ ಗಾಡಿ ಬೇಡ, ಪೆಟ್ರೋಲ್ ಉಳಿಸುತ್ತೇನೆಂದು ಇಪ್ಪತ್ತರ ವೇಗದಲ್ಲೂ ನಾಲ್ಕನೇ ಗೇರ್ ಹಾಕಿ ಎಂಜಿನ್ ಕೊಂದಿರುತ್ತಾರೆ. ಕೆಎ-19, ಕೆಎ-20 ಅಂದರೆ ಕರಾವಳಿ, ಉಪ್ಪುಗಾಳಿ, ಮೊದಲು ಬಗ್ಗಿ ಅಡಿಭಾಗದ ತುಕ್ಕು ನೋಡಬೇಕು. ದೆಹಲಿ ನಂಬರಿನ ಡೀಸೆಲ್ ಗಾಡಿ ಆಗ ಅಗ್ಗಕ್ಕೆ ಸಿಗುತ್ತಿತ್ತು, ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗೆ ತಡೆ ಬಿದ್ದಿತ್ತು, ಅದಕ್ಕೇ ದಕ್ಷಿಣಕ್ಕೆ ತೀರ್ಥಯಾತ್ರೆ ಬರುತ್ತಿದ್ದವು. ಇಲ್ಲಿ ಮತ್ತೆ ನೋಂದಣಿ, ತೆರಿಗೆ ಅಂತ ಲೆಕ್ಕ ಹಾಕಿದರೆ ಅಗ್ಗವೆಲ್ಲ ಆವಿ. ಮೀಟರನ್ನು ಅವರು ನೋಡುವುದೇ ಇಲ್ಲ. ಬಗ್ಗಿ ಬ್ರೇಕ್ ಪೆಡಲಿನ ರಬ್ಬರ್ ನೋಡುತ್ತಾರೆ. "ಮೀಟರು ಮೂವತ್ತೆರಡು ಸಾವಿರ ಅಂತಿದೆ, ರಬ್ಬರ್ ನೋಡಿದ್ರೆ ನನ್ನ ತಲೆ ಥರ ಆಗಿದೆ." ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ ಅನ್ನುವುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. 2317 ಅಂದರೆ 2017ರ ಇಪ್ಪತ್ಮೂರನೇ ವಾರದಲ್ಲಿ ಹುಟ್ಟಿದ್ದು. ಕಾರಿಗಿಂತ ಟೈರು ಆರು ವರ್ಷ ಚಿಕ್ಕದಾಗಿದ್ದರೆ ಮೀಟರಿನ ಮೂವತ್ತೆರಡು ಸಾವಿರವನ್ನು ಯಾರು ನಂಬಬೇಕು?

ಅವರ ಜುಬ್ಬಾದ ಜೇಬಿನಲ್ಲಿ ಒಂದು ಸಣ್ಣ ಟಾರ್ಚು, ಒಂದು ಹಳೆ ಕರ್ಚೀಫು, ಆ ಕರ್ಚೀಫಿನೊಳಗೆ ಧರ್ಮಸ್ಥಳದಿಂದ ತಂದ ಮಂಜುನಾಥಸ್ವಾಮಿಯ ಫ್ರಿಜ್ ಮ್ಯಾಗ್ನೆಟ್. ಇದು ಭಕ್ತಿಯಲ್ಲ, ಉಪಕರಣ. ಬಣ್ಣಕ್ಕೆ ಗೀರು ಬೀಳದಂತೆ ಕರ್ಚೀಫಿನಲ್ಲಿ ಸುತ್ತಿ ಬಾಗಿಲಿನ ಮೇಲೆ, ಫೆಂಡರಿನ ಮೇಲೆ ಮೆಲ್ಲಗೆ ಜಾರಿಸುತ್ತಾರೆ. ತಗಡು ಇದ್ದಲ್ಲಿ ಸ್ವಾಮಿ ಅಂಟಿಕೊಳ್ಳುತ್ತಾನೆ. ಅಪಘಾತವಾಗಿ, ತಗ್ಗು ತುಂಬಿಸಲು ಪುಟ್ಟಿ ಮೆತ್ತಿ ಬಣ್ಣ ಹೊಡೆದಲ್ಲಿ ಪಟ್ಟನೆ ಕೈಬಿಡುತ್ತಾನೆ. ಗಾಡಿಗೆ ಸಣ್ಣ ಗೀರೂ ಬಿದ್ದಿಲ್ಲ ಎಂದು ಒಬ್ಬರು ತಾಯಾಣೆ ಹಾಕಿ ಹೇಳುತ್ತಿದ್ದಾಗಲೇ ಎಡಗಡೆಯ ಹಿಂದಿನ ಬಾಗಿಲಿನಿಂದ ಸ್ವಾಮಿ ಕೆಳಗೆ ಬಿದ್ದ. ಮಾವ ಎತ್ತಿ ಕಣ್ಣಿಗೊತ್ತಿಕೊಂಡು ಹೇಳಿದರು: "ನೋಡಿ ಸಾರ್, ಇವನ ಮುಂದೆ ಮಾತ್ರ ಆಣೆ ಹಾಕಬೇಡಿ." ಅದೇ ಹುರುಪಿನಲ್ಲಿ ನಾನೂ ಒಮ್ಮೆ ಮ್ಯಾಗ್ನೆಟ್ ತಗೊಂಡು ಇನ್ನೊಂದು ಗಾಡಿಯ ಬಂಪರಿಗೆ ಒತ್ತಿ, "ಮಾವ, ಇಲ್ಲೂ ನಿಲ್ತಿಲ್ಲ!" ಎಂದು ಕೂಗಿದೆ. ಅದು ಪ್ಲಾಸ್ಟಿಕ್ಕು. ಆ ಸಂಗತಿ ನಮ್ಮ ಕಡೆಯ ಎರಡು ಮದುವೆ, ಒಂದು ನಾಮಕರಣದಲ್ಲಿ ಚರ್ಚೆಯಾಗಿದೆ.

ಹೀಗೆ ಹನ್ನೊಂದು ಭಾನುವಾರ. ಹನ್ನೊಂದು ಕಾರು. ಹನ್ನೊಂದೂ ಬೇಡ. ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರ್ ಹಾಕಿ, ಕ್ಲಚ್ ಬಿಟ್ಟಾಗ ಎಂಜಿನ್ ಗಕ್ಕನೆ ನಿಲ್ಲಬೇಕು. ಒಂದು ಗಾಡಿ ನಿಲ್ಲದೆ ಗುರ್ರೆನ್ನುತ್ತಲೇ ಇತ್ತು, ಅಂದರೆ ಕ್ಲಚ್ ಪ್ಲೇಟು ಮುಗಿದಿತ್ತು, ಸರಿ. ಆದರೆ ಇನ್ನೊಂದರಲ್ಲಿ ಎಲ್ಲ ಚೆನ್ನಾಗಿತ್ತು. ಎಲ್ಲವೂ. ಅದನ್ನೂ ಬೇಡ ಅಂದರು. ಕಾರಣ ಕೇಳಿದೆ. "ಇಷ್ಟು ಚೆನ್ನಾಗಿರೋ ಗಾಡೀನ ಯಾಕೆ ಮಾರ್ತಾರೆ, ಯೋಚನೆ ಮಾಡಿ." ಆ ರಾತ್ರಿ ನಾನು ಊಟ ಸರಿಯಾಗಿ ಮಾಡಲಿಲ್ಲ.

ಏಳನೇ ಭಾನುವಾರದ್ದು ಮಾತ್ರ ಹೇಳಲೇಬೇಕು. ಹುಣಸೂರು ರಸ್ತೆಯಲ್ಲಿ ಹಳೆ ಕಾರು ಮಾರುವ ಒಂದು ಅಂಗಳ. ಅಲ್ಲೊಂದು ಬಿಳಿ ಕಾರು, 2019ರದ್ದು, ಬೆಂಗಳೂರಿನ ಕೆಎ-53 ನಂಬರು, ಒಂದೇ ಕೈ. ರೇಟು ಮಾರ್ಕೆಟ್ಟಿಗಿಂತ ಎಂಬತ್ತು ಸಾವಿರ ಕಮ್ಮಿ. ನನ್ನ ಹೆಂಡತಿ ಅಷ್ಟರಲ್ಲೇ ಮುಂದಿನ ಸೀಟಿನಲ್ಲಿ ಕೂತು ಕನ್ನಡಿ ಸರಿ ಮಾಡಿಕೊಂಡಿದ್ದಳು. ನನ್ನ ಜೇಬಿನಲ್ಲಿ ಟೋಕನ್ ಕೊಡಲು ಹತ್ತು ಸಾವಿರ ಬೆಚ್ಚಗಿತ್ತು. ಬಾನೆಟ್ ತಣ್ಣಗಿತ್ತು, ಮಂಜುನಾಥನೂ ಎಲ್ಲ ಕಡೆ ಗಟ್ಟಿಯಾಗಿ ನಿಂತ. ಮಾವ ಒಳಗೆ ತಲೆ ಹಾಕಿ ಮೂಗು ಅರಳಿಸಿದರು. "ಸೆಂಟು ಜಾಸ್ತಿ ಆಯ್ತು" ಅಂದರು. ಆಮೇಲೆ ಡ್ರೈವರ್ ಸೀಟಿನ ಬೆಲ್ಟನ್ನು ಹಿಡಿದು ಎಳೆಯತೊಡಗಿದರು. ಬಾವಿಯಿಂದ ಹಗ್ಗ ಸೇದುವ ಹಾಗೆ ಎಳೆದರು, ಎಳೆದರು, ಅದು ಇನ್ನು ಬರುವುದಿಲ್ಲ ಅನ್ನುವವರೆಗೆ ಎಳೆದರು. ಯಾರೂ ಎಂದೂ ನೋಡದ ಆ ಕೊನೆಯ ಅರ್ಧ ಅಡಿಯಲ್ಲಿ, ಬೂದು ಪಟ್ಟಿಯ ಮೇಲೆ ಅಡ್ಡಲಾಗಿ ಒಂದು ಕೆಮ್ಮಣ್ಣಿನ ಗೆರೆ ಇತ್ತು. ಟಾರ್ಚು ಹಾಕಿ ತೋರಿಸಿದರು. ಸೀಟಿನ ಕೆಳಗಿನ ಹಳಿಗಳಲ್ಲಿ ತುಕ್ಕು. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿದರೆ ಅದರ ಗುಳಿಯಲ್ಲಿ ಬೆರಳಿಗೆ ನುಣ್ಣಗೆ ಅಂಟುವ ಒಣ ಕೆಸರು.

"2022ರ ಸೆಪ್ಟೆಂಬರಲ್ಲಿ ಬೆಂಗಳೂರಿನ ಔಟರ್ ರಿಂಗ್ ರೋಡಲ್ಲಿ ದೋಣಿ ಬಿಟ್ಟಿದ್ರಲ್ಲ, ಟಿವಿಯಲ್ಲಿ ನೋಡಿದ್ರಾ? ಈ ಗಾಡಿಯೂ ಅಲ್ಲೇ ಎಲ್ಲೋ ಈಜಿದೆ."

ನೀರು ಕುಡಿದ ಗಾಡಿಯಲ್ಲಿ ಎಂಜಿನ್ನಿಗಿಂತ ವೈರಿಂಗ್ ಅಪಾಯ, ಎರಡು ವರ್ಷ ಸುಮ್ಮನಿದ್ದು ಮೂರನೇ ವರ್ಷ ನಡುರಸ್ತೆಯಲ್ಲಿ ಕೈಕೊಡುತ್ತದೆ ಅಂತ ಅಲ್ಲೇ ವಿವರಿಸಿದರು. ಇಷ್ಟು ಮಾಡಿದ ಮನುಷ್ಯನನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು. ಅನ್ನಿಸಿದ್ದು ಹತ್ತು ನಿಮಿಷ ಮಾತ್ರ. ಆಮೇಲೆ ಅವರು ಆ ಅಂಗಳದ ಹುಡುಗರನ್ನೆಲ್ಲ ಸೇರಿಸಿ, ಉಳಿದ ಇಪ್ಪತ್ತು ಕಾರುಗಳ ಬೆಲ್ಟನ್ನೂ ಎಳೆದು ಪಾಠ ಮಾಡಿದರು. ಹುಡುಗರು ಅವರಿಗೆ ಎರಡು ಸಲ ಟೀ ತರಿಸಿಕೊಟ್ಟರು. ಮಧ್ಯಾಹ್ನ ಎರಡೂವರೆಯಾಯಿತು. ಹೆಂಡತಿ ಆ ಬಿಳಿ ಕಾರಿನಲ್ಲೇ ನಿದ್ದೆ ಹೋಗಿದ್ದಳು.

ಮಾರುವ ವಿಷಯದಲ್ಲಿ ಮಾವ ಬೇರೆಯೇ ಮನುಷ್ಯ. ನನ್ನ ಹಳೆ ಸ್ಯಾಂಟ್ರೋಗೆ ಒಂದು ಲಕ್ಷದ ನಲವತ್ತು ಸಾವಿರ ಅಂತ ಬೆಲೆ ಕಟ್ಟಿದರು. "ಒಂದು ರೂಪಾಯಿ ಕಮ್ಮಿ ಅಂದ್ರೂ ನನಗೆ ಫೋನ್ ಕೊಡಿ." ಗಾಡಿ ತೊಳೆಸಿ, ಆದರೆ ಎಂಜಿನ್ ತೊಳೆಸಬೇಡಿ, ಎಂಜಿನ್ ಹೊಳೆದರೆ ಕೊಳ್ಳುವವನಿಗೆ ಅನುಮಾನ ಬರುತ್ತದೆ. ಇನ್ಶೂರೆನ್ಸ್ ಕಾಗದದಲ್ಲಿ ಬರೆದಿರುವ ಐಡಿವಿ ಮಾರ್ಕೆಟ್ ಬೆಲೆಯಲ್ಲ, ಅದನ್ನು ತೋರಿಸಬೇಡಿ. ನೋ ಕ್ಲೇಮ್ ಬೋನಸ್ಸು ಗಾಡಿಯ ಜೊತೆ ಹೋಗುವುದಿಲ್ಲ, ಅದು ನಿಮ್ಮದು, ಪತ್ರ ಬರೆಸಿಕೊಂಡು ಹೊಸ ಗಾಡಿಗೆ ಹಾಕಿಸಿಕೊಳ್ಳಿ. ಇದೆಲ್ಲ ಚಿನ್ನದಂಥ ಸಲಹೆ, ಸುಳ್ಳು ಹೇಳಬಾರದು. ಆದರೆ ನಾಲ್ಕು ತಿಂಗಳಾದರೂ ಒಂದು ನಲವತ್ತಕ್ಕೆ ಯಾರೂ ಬರಲಿಲ್ಲ. ಕೊನೆಗೆ ಎಂಬತ್ತೈದಕ್ಕೆ ಕೊಟ್ಟೆ. "ಅವಸರ ಮಾಡಿದ್ರಿ" ಅಂದರು. "ಮಾವ, ನಿಜ ಹೇಳಿ. ನೀವು ಕೊಳ್ಳೋರ ಕಡೆಯಿಂದ ಬಂದಿದ್ರೆ ಎಷ್ಟು ಕೊಡಿ ಅಂತಿದ್ರಿ?" ಮಾವ ಪ್ರಾಮಾಣಿಕರು. ಗೋಡೆ ನೋಡುತ್ತ ಸ್ವಲ್ಪ ಹೊತ್ತು ಯೋಚಿಸಿದರು. "ಅರವತ್ತೈದು."

ಕೊಂಡವರು ಆರ್‌ಸಿಯಲ್ಲಿ ಹೆಸರು ಬದಲಾಯಿಸುವವರೆಗೆ ಮಾತ್ರ ಮಾವ ನನ್ನನ್ನು ನಿದ್ದೆ ಮಾಡಗೊಡಲಿಲ್ಲ. ಫಾರಂ 29, ಫಾರಂ 30 ಎರಡಕ್ಕೂ ಸಹಿ ಹಾಕಿ ಕೊಟ್ಟು ಕೈತೊಳೆದುಕೊಂಡರೆ ಸಾಲದು. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ನಾಳೆ ಆ ಗಾಡಿ ಯಾರಿಗಾದರೂ ಗುದ್ದಿದರೆ ಪರಿಹಾರ ನಿಮ್ಮ ಕುತ್ತಿಗೆಗೆ ಅಂತ 2018ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ ಎಂದು ದಿನಕ್ಕೆರಡು ಸಲ ಫೋನು. ಹೆಸರು ಬದಲಾದ ದಿನ ಚಾಮುಂಡಿ ಬೆಟ್ಟಕ್ಕೆ ಹೋಗಿ ಬಂದರು. ಸ್ಯಾಂಟ್ರೋ ನನ್ನದು, ಹರಕೆ ಅವರದು.

ಚಾಮುಂಡಿ ಬೆಟ್ಟ ಅಂದಾಗ ನೆನಪಾಯಿತು. ಟ್ರಯಲ್ ನೋಡಲು ಅವರು ಪ್ರತಿ ಗಾಡಿಯನ್ನೂ ಬೆಟ್ಟ ಹತ್ತಿಸುತ್ತಿದ್ದರು. ಎಸಿ ಆರಿಸಿ, ರೇಡಿಯೋ ನಿಲ್ಲಿಸಿ, ಕಿಟಕಿ ಇಳಿಸಿ ಅಂತ ಅಪ್ಪಣೆ. "ಎರಡನೇ ಗೇರಲ್ಲಿ ಬನ್ನಿ. ಮಾತಾಡಬೇಡಿ." ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿ, ತಲೆ ಸ್ವಲ್ಪ ಎಡಕ್ಕೆ ವಾಲಿಸಿ ಕೂರುತ್ತಿದ್ದರು. ಸಂಗೀತ ಕಛೇರಿಯಲ್ಲಿ ಮುಂದಿನ ಸಾಲಿನ ಮುದುಕರು ಕೂರುತ್ತಾರಲ್ಲ, ಅದೇ ಭಂಗಿ. ಬಲಗೈಯ ತೋರುಬೆರಳು ಮಂಡಿಯ ಮೇಲೆ ಎಂಜಿನ್ನಿನ ಲಯಕ್ಕೆ ಕುಣಿಯುತ್ತಿರುತ್ತಿತ್ತು. ಒಂದು ತಿರುವಿನಲ್ಲಿ ಬೆರಳು ಗಕ್ಕನೆ ನಿಂತರೆ ಆ ಕಾರು ಹೋಯಿತು ಅಂತಲೇ ಅರ್ಥ. "ಟ್ಯಾಪೆಟ್" ಅನ್ನುತ್ತಿದ್ದರು. ನನಗೆ ಏನೂ ಕೇಳಿಸಿರುತ್ತಿರಲಿಲ್ಲ.

ಈ ಕಿವಿ ಎಲ್ಲಿಂದ ಬಂತು ಅಂತ ನಾನು ಕೇಳಿರಲಿಲ್ಲ, ಹೆಂಡತಿಯೇ ಹೇಳಿದಳು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಇದ್ದರಂತೆ. ಜೋಡಣೆ ಮುಗಿದು ಬಂದ ಯೆಜ್ಡಿ ಬೈಕುಗಳನ್ನು ಸ್ಟಾರ್ಟ್ ಮಾಡಿ, ಕೇಳಿ, ಸರಿ ಅಥವಾ ಸರಿಯಿಲ್ಲ ಅಂತ ಹೇಳುವ ಕೆಲಸ. 1996ರಲ್ಲಿ ಕಾರ್ಖಾನೆ ಮುಚ್ಚಿದಾಗ ನಲವತ್ತೆರಡು ವಯಸ್ಸು. ಆಮೇಲೆ ನಿವೃತ್ತಿ ವಯಸ್ಸಿನವರೆಗೂ ಒಂದು ಸಿಮೆಂಟ್ ಅಂಗಡಿಯಲ್ಲಿ ಲೆಕ್ಕ ಬರೆದರು. ಸಿಮೆಂಟಿನ ಮೂಟೆ ಸದ್ದು ಮಾಡುವುದಿಲ್ಲ.

ಇದನ್ನು ತಿಳಿದುಕೊಂಡ ಖುಷಿಯಲ್ಲಿ ನಾನು ಒಂದಿಷ್ಟು ಓದಿಕೊಂಡು, ಮುಂದಿನ ಭಾನುವಾರ ಅವರನ್ನು ಹಿಡಿದೆ ಅಂದುಕೊಂಡೆ. "ಮಾವ, ಯೆಜ್ಡಿ ಟೂ ಸ್ಟ್ರೋಕ್ ಅಲ್ವಾ? ಅದರಲ್ಲಿ ವಾಲ್ವೇ ಇಲ್ಲ, ಟ್ಯಾಪೆಟ್ಟೇ ಇಲ್ಲ. ನೀವು ಟ್ಯಾಪೆಟ್ ಸದ್ದು ಕೇಳಿದ್ದು ಯಾವಾಗ?"

ಮಾವ ನಕ್ಕರು. "ಅದಕ್ಕೇ ಅಳಿಯಂದ್ರೇ. ಇಪ್ಪತ್ತು ವರ್ಷ ಅದಿಲ್ಲದ ಎಂಜಿನ್ ಕೇಳಿದೀನಿ. ಇದ್ರೆ ನನಗೆ ಗೊತ್ತಾಗಲ್ವಾ?"

ಹನ್ನೆರಡನೇ ಕಾರನ್ನು ನಾನು ಕಳ್ಳತನದಲ್ಲಿ ಕೊಂಡೆ. ಮಂಗಳವಾರ, ಆಫೀಸಿಗೆ ಅರ್ಧ ದಿನ ರಜೆ ಹಾಕಿ, ಸರಸ್ವತಿಪುರಂನಲ್ಲಿ ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿಯಿಂದ 2017ರ ವ್ಯಾಗನ್-ಆರ್. ಅವರ ಮನೆಯ ಉಪ್ಪಿಟ್ಟನ್ನೂ ತಿಂದೆ. ಅದಕ್ಕೋ ಏನೋ, ಮೂರು ಲಕ್ಷದ ಅರವತ್ತು ಸಾವಿರದ ಕೆಳಗೆ ಮಾತಾಡಲು ಬಾಯಿ ಬರಲಿಲ್ಲ. ಮಾವ ಮನೆಗೆ ಬಂದು ಬಾನೆಟ್ ಮುಟ್ಟಿ, ಬೆಲ್ಟು ಎಳೆದು, ಮಂಜುನಾಥನನ್ನು ಸುತ್ತಿಸಿ, ಎಲ್ಲ ಆದ ಮೇಲೆ ಕೇಳಿದರು: "ಎಷ್ಟಕ್ಕೆ ಬಂತು?" ನಾನು ಮೊದಲೇ ತಯಾರಾಗಿದ್ದೆ. "ಮೂರು ಇಪ್ಪತ್ತೈದು" ಅಂದೆ. ಮಾವ ನಾಲಿಗೆ ಚಪ್ಪರಿಸಿದರು. "ಇಪ್ಪತ್ತೈದು ಜಾಸ್ತಿ ಆಯ್ತು." ಅದೇ ವರ್ಷ, 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದು, ಹೊಸ ಕಾರಿನ ಬೆಲೆ ತಗ್ಗಿ, ಹಳೆಯವೂ ಅದರ ಹಿಂದೆ ಇಳಿದವು. ಆ ಸಂಜೆ ಫೋನು ಬಂತು. "ಕಾಯಿರಿ ಅಂತ ನಾನು ಹೇಳಿರಲಿಲ್ವಾ?" ಹೇಳಿರಲಿಲ್ಲ. ಹೇಳಿದ್ದು "ಬೇಡ" ಅಂತ, ಹನ್ನೊಂದು ಸಲ.

ಕಾರು ಚೆನ್ನಾಗಿಯೇ ಓಡುತ್ತಿದೆ. ಭಾನುವಾರ ಬೆಳಿಗ್ಗೆ ಮಾತ್ರ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಒಮ್ಮೆ ಒಬ್ಬನೇ ಬೆಟ್ಟಕ್ಕೆ ಹೋದೆ; ಅರ್ಧ ದಾರಿಯಲ್ಲಿ ನನಗೇ ಗೊತ್ತಿಲ್ಲದೆ ರೇಡಿಯೋ ಆರಿಸಿದ್ದೆ.

ಮೊನ್ನೆ ಶನಿವಾರ ಸಂಜೆ ಮಾವನ ಫೋನು. ಅತ್ತೆಯ ಮಂಡಿನೋವು, ಕೆನಡಾದಲ್ಲಿರುವ ಮಗ, ಮಳೆ ಎಲ್ಲ ಆಯಿತು. ಕೊನೆಗೆ, ಏನೋ ಮರೆತಿದ್ದು ನೆನಪಾದವರ ಹಾಗೆ ಕೇಳಿದರು:

"ಅಳಿಯಂದ್ರೇ, ನಿಮ್ಮ ಆಫೀಸಲ್ಲಿ ಯಾರೂ ಗಾಡಿ ನೋಡ್ತಿಲ್ವಾ?"

ಯಾರೂ ನೋಡುತ್ತಿಲ್ಲ. "ಇದಾರೆ ಮಾವ, ಒಬ್ಬರು" ಅಂದೆ.

"ಬಜೆಟ್?"

"ನಾಲ್ಕು ಲಕ್ಷ."

"ನಾಲ್ಕಕ್ಕೆ ಏನೂ ಬರಲ್ಲ" ಅಂದರು ಮಾವ. "ನಾಳೆ ಎಷ್ಟು ಗಂಟೆಗೆ?"