ಫ್ಲ್ಯಾಶ್ ನೆತ್ತಿ ಮೇಲಿರಲಿ

ಇಲ್ಲ ಅಕ್ಕಾ, ನಿಮ್ಮ ಹುಡುಗ ಕೇಳ್ತಿರೋದು ದುಂದಲ್ಲ. ಕ್ಯಾಮೆರಾ ಬಂತು, ಫ್ಲ್ಯಾಶ್ ಬಂತು, ಇನ್ನು ಈ ಬ್ರಾಕೆಟ್ ಯಾಕೆ ಅಂತ ನಿಮಗನ್ನಿಸೋದು ಸಹಜ. ಮದುವೆ ಆರ್ಡರ್ ಹಿಡಿದು ಹೊರಟವನಿಗೆ ಅದು ಬೇಕೇ ಬೇಕು. ಯಾವುದು ತಗೋಬೇಕು ಅನ್ನೋದಕ್ಕೆ ಮಾತ್ರ ಸ್ವಲ್ಪ ಯೋಚನೆ ಮಾಡಬೇಕು.

ಮದುವೇಲಿ ಜನ ಆಸೆಪಡೋದು ನಿಂತಿರೋ ಫೋಟೋಗೆ. ಗಂಡಿನ ಪೇಟದಿಂದ ಹಿಡಿದು ಹೆಣ್ಣಿನ ಸೀರೆ ಅಂಚಿನ ತನಕ ಬರಬೇಕು ಅಂದ್ರೆ ಕ್ಯಾಮೆರಾನ ಉದ್ದಕ್ಕೆ ತಿರುಗಿಸಲೇಬೇಕು. ತಿರುಗಿಸಿದ ಕೂಡಲೇ ಮೇಲಿದ್ದ ಫ್ಲ್ಯಾಶ್ ಪಕ್ಕಕ್ಕೆ ಬರುತ್ತೆ. ಆಗ ಮದುಮಗಳ ಕೆನ್ನೆ ಪಕ್ಕ ಗೋಡೆ ಮೇಲೆ ಕರೀ ನೆರಳು, ಇನ್ನೊಬ್ಬರು ಹಿಂದೆ ನಿಂತು ಇಣುಕಿದ ಹಾಗೆ. ಸೂರ್ಯನ ಬೆಳಕು ಮೇಲಿಂದ ಬೀಳೋದನ್ನೇ ನೋಡಿ ಬೆಳೆದ ಕಣ್ಣು ನಮ್ಮದು. ನೆರಳು ಕೆಳಗೆ ಬಿದ್ದರೆ ಗಮನಿಸೋದೇ ಇಲ್ಲ, ಪಕ್ಕಕ್ಕೆ ಬಿದ್ದರೆ ಚುಚ್ಚುತ್ತೆ. ಬ್ರಾಕೆಟ್ ಮಾಡೋ ಕೆಲಸ ಇಷ್ಟೇ: ಕ್ಯಾಮೆರಾ ಹೇಗೇ ತಿರುಗಲಿ, ಫ್ಲ್ಯಾಶನ್ನ ಲೆನ್ಸಿನ ನೆತ್ತಿ ಮೇಲೇ ಇಡೋದು. ನೆರಳು ಭುಜದ ಹಿಂದೆ ಇಳಿದು ಮರೆಯಾಗುತ್ತೆ.

ಸ್ಟುಡಿಯೋದಲ್ಲಿ ಈ ತೊಂದರೆ ಇಲ್ಲ. ಎಂ.ಜಿ. ರಸ್ತೆಯ ಜಿ.ಕೆ. ವೇಲ್ 1910ರಿಂದ ಇರೋ ಸ್ಟುಡಿಯೋ. ಅಂಥ ಕಡೆ ದೀಪಕ್ಕೆ ಅದರದೇ ಸ್ಟ್ಯಾಂಡ್. ಕ್ಯಾಮೆರಾ ತಿರುಗಿದರೂ ದೀಪ ಅಲ್ಲಾಡಲ್ಲ. ಜನಗಳ ಮಧ್ಯೆ ನುಗ್ಗಿ ಧಾರೆ ಹಿಡಿಯೋನು ಸ್ಟ್ಯಾಂಡ್ ಹೊತ್ತು ತಿರುಗೋಕಾಗುತ್ತಾ? ಆ ಸ್ಟುಡಿಯೋ ನಿಯಮಾನ ಕೈಯಲ್ಲೇ ಹಿಡ್ಕೊಂಡು ಓಡಾಡೋಕೆ ಬ್ರಾಕೆಟ್ಟು. ಇದು ಹೊಸದೂ ಅಲ್ಲ, ಹಳೇ ಕಾಲದ ಅಮೆರಿಕದ ಪತ್ರಿಕೆಯವರು ದಪ್ಪ ಗ್ರಾಫ್ಲೆಕ್ಸ್ ಕ್ಯಾಮೆರಾ ಪಕ್ಕಕ್ಕೆ ಉದ್ದನೆ ಹಿಡಿಯ ಫ್ಲ್ಯಾಶ್ ಸಿಕ್ಕಿಸ್ಕೊಂಡು ಓಡಾಡ್ತಿದ್ರು. 1977ರ ‘ಸ್ಟಾರ್ ವಾರ್ಸ್’ ಸಿನಿಮಾದಲ್ಲಿ ನಾಯಕನ ಬೆಳಕಿನ ಕತ್ತಿ ಇದೆಯಲ್ಲ, ಅದರ ಹಿಡಿ ಮಾಡಿದ್ದು ಅದೇ ಫ್ಲ್ಯಾಶ್ ಹಿಡಿಯಿಂದ. ಹುಡುಗನಿಗೆ ಹೇಳಿ, ಖುಷಿಪಡ್ತಾನೆ.

ಫ್ಲ್ಯಾಶ್ ಬೆಳಕನ್ನ ಚಾವಣಿಗೆ ಹೊಡೆದರೆ ಸಾಕಲ್ಲ ಅಂತ ಅವನ ಸ್ನೇಹಿತರು ಹೇಳಿರಬಹುದು. ಇಂದಿರಾನಗರದ ಫ್ಲ್ಯಾಟಲ್ಲಿ ನಾಮಕರಣ ಅಂದ್ರೆ ಅದು ಸರಿ. ತಗ್ಗು ಚಾವಣಿ, ಬಿಳೀ ಬಣ್ಣ, ಬೆಳಕು ಮೆತ್ತಗೆ ಹರಡುತ್ತೆ. ಅವತ್ತು ಬ್ರಾಕೆಟ್ ಮನೇಲೇ ಇರಲಿ. ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾದಲ್ಲಿ ಮದುವೆ ಬಂದ್ರೆ? 1882ರ ಗಾಥಿಕ್ ಕಟ್ಟಡ ಅದು, ಕಮಾನುಗಳು ಎಲ್ಲೋ ಮೇಲೆ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತೆ. ಅಷ್ಟೆತ್ತರ ಹತ್ತಿ ಮುಖದ ತನಕ ವಾಪಸ್ ಬರೋಷ್ಟರಲ್ಲಿ ಏನು ಉಳಿದೀತು? ಹಳೇ ಕಲ್ಲಿನ ಗುಡಿಯ ಕಂಬದ ಮಂಟಪದಲ್ಲಿ ಬೆಳಕನ್ನ ಕಲ್ಲೇ ನುಂಗುತ್ತೆ. ಕೆ.ಆರ್. ಪುರದ ಕಡೆ ಬಯಲಲ್ಲಿ ಕೆಂಪು ಶಾಮಿಯಾನ ಹಾಕಿದ್ರೆ ಮುಖಾನೂ ಕೆಂಪು. ಅಲ್ಲೆಲ್ಲ ನೇರ ಹೊಡೀಬೇಕು, ನೇರ ಹೊಡೆಯೋನಿಗೆ ಬ್ರಾಕೆಟ್ ಬೇಕು.

ಹಾಗಂತ ಬ್ರಾಕೆಟ್ ಹಾಕಿದ ಮಾತ್ರಕ್ಕೆ ಬೆಳಕು ಮೃದು ಆಗಲ್ಲ. ಈ ನಂಬಿಕೆ ತುಂಬಾ ಜನರಿಗಿದೆ. ಬೆಳಕು ಮೃದುವಾಗೋದು ಅದರ ಮೈ ಅಗಲ ಆದಾಗ. ಬ್ರಾಕೆಟ್ ಜಾಗ ಬದಲಿಸುತ್ತೆ, ಅಷ್ಟೆ. ಲೆನ್ಸಿನಿಂದ ದೂರ ಸರಿದಷ್ಟೂ ಕಣ್ಣು ಕೆಂಪಗೆ ಬರೋದು ತಪ್ಪುತ್ತೆ, ಹಿರಿಯರ ಕನ್ನಡಕದ ಮೇಲಿನ ಹೊಳಪೂ ಬಹುಪಾಲು ಕೆಳಗೆ ಜಾರುತ್ತೆ. ಇನ್ನು ಒಬ್ಬರನ್ನೇ ನಿಧಾನವಾಗಿ ಕೂರಿಸಿ ಪೋರ್ಟ್ರೇಟ್ ತೆಗೆಯೋವಾಗ ಫ್ಲ್ಯಾಶನ್ನ ಸ್ಟ್ಯಾಂಡಿಗೆ ಹಾಕಿ, ಪಕ್ಕಕ್ಕೆ ಸರಿಸಿ, ರೇಡಿಯೋ ಟ್ರಿಗರಿಂದ ಹೊಡೀಲಿ. ಮೂಗು, ಕೆನ್ನೆ ಎದ್ದು ಕಾಣೋದು ಆಗಲೇ.

ಅಂಗಡೀಲಿ ಮೊದಲು ತೋರಿಸೋದು ನೇರ ಪಟ್ಟಿಯ ಅಗ್ಗದ ಬ್ರಾಕೆಟ್. ಉದ್ದಕ್ಕೆ ತಿರುಗಿಸಿದಾಗ ಫ್ಲ್ಯಾಶ್ ಮೇಲೆ ಬರುತ್ತೆ, ಅಡ್ಡ ಹಿಡಿದಾಗ ಪಕ್ಕಕ್ಕೆ ಹೋಗುತ್ತೆ. ಬೇಡ. ಉಳಿದದ್ದು ಎರಡು ಜಾತಿ. ಒಂದರಲ್ಲಿ ಫ್ಲ್ಯಾಶ್ ಇರೋ ತೋಳು ಮಗುಚುತ್ತೆ. ಇನ್ನೊಂದರಲ್ಲಿ ತೋಳು ಅಲ್ಲೇ ಇದ್ದು ಕ್ಯಾಮೆರಾನೇ ಸುತ್ತುತ್ತೆ. ಎರಡನೇದು ಚೆನ್ನಾಗೇ ಇದೆ, ಆದ್ರೆ ಭಾರ, ಬೆಲೆನೂ ಜಾಸ್ತಿ. ಮುಂಜಾನೆ ಮುಹೂರ್ತದಿಂದ ರಾತ್ರಿ ಆರತಕ್ಷತೆ ತನಕ ಹೊರೋ ಮಣಿಕಟ್ಟು ಅವನದು. ನಾನಾದ್ರೆ ತೋಳು ಮಗುಚೋದನ್ನೇ ಕೊಡಿಸ್ತೀನಿ.

ಒಂದು ಖರ್ಚು ಯಾರೂ ಮೊದಲೇ ಹೇಳಲ್ಲ. ಫ್ಲ್ಯಾಶ್ ಕ್ಯಾಮೆರಾ ಬಿಟ್ಟು ಎದ್ದ ಮೇಲೆ ಎರಡಕ್ಕೂ ಮಾತುಕತೆಗೆ ಒಂದು ಟಿಟಿಎಲ್ ಕೇಬಲ್ಲೋ ರೇಡಿಯೋ ಟ್ರಿಗರೋ ಬೇಕು, ಅವನ ಕ್ಯಾಮೆರಾ ಕಂಪನಿಗೆ ಹೊಂದೋದೇ ಆಗಬೇಕು. ಅದಕ್ಕೂ ದುಡ್ಡು ಎತ್ತಿಟ್ಟಿರಿ. ಕ್ಯಾಮೆರಾನ, ಫ್ಲ್ಯಾಶನ್ನ ಅಂಗಡಿಗೇ ಒಯ್ದು, ಸ್ಕ್ರೂ ಬಿಗಿದು, ಎರಡೂ ಕಡೆ ತಿರುಗಿಸಿ ನೋಡ್ಲಿ. ಕ್ಯಾಮೆರಾ ಪ್ಲೇಟಿನ ಮೇಲೆ ಜಾರಿದ್ರೆ ಬೇಡ. ಪ್ಲೇಟು ಬ್ಯಾಟರಿ ಬಾಗಿಲಿಗೆ ಅಡ್ಡ ಬಂದ್ರೂ ಬೇಡ. ತಾಳಿ ಕಟ್ಟೋ ಹೊತ್ತಲ್ಲಿ ಬ್ಯಾಟರಿ ಮುಗಿದ್ರೆ ಸ್ಕ್ರೂ ಬಿಚ್ಚೋ ತನಕ ಪುರೋಹಿತರು ಕಾಯಲ್ಲ.